ಕುಟ್ಟಿ ತುಂಬಿದ ಮರಳು

ಮೊದಲು ನನಗೆ ಅನುಮಾನ ಬಂದದ್ದು ಮರಳಿನ ಮೇಲೆ. ಆಮೇಲೆ ಮೋಟಾರಿನ ಮೇಲೆ. ಮನುಷ್ಯರ ಸರದಿ ಬಂದದ್ದು ಕೊನೆಗೆ. ನನ್ನನ್ನು ಬಲ್ಲವರಿಗೆ ಆಶ್ಚರ್ಯವಾಗುವುದು ಇದೇ, ಏಕೆಂದರೆ ಸಾಮಾನ್ಯವಾಗಿ ನಾನು ಮನುಷ್ಯರಿಂದಲೇ ಶುರು ಮಾಡುವವಳು. ಟೊಮೆಟೊ ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡದೆ ಕೊಂಡವಳಲ್ಲ. ಬಸ್ಸಿನಲ್ಲಿ ಪಕ್ಕದವರು ನನ್ನ ಕಡೆ ನೋಡಿ ನಕ್ಕರೆ ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ. "ದೇವ್ರೇ ಎದುರಿಗೆ ಬಂದು ನಿಂತ್ರೂ ನೀ ಗುರುತಿನ ಚೀಟಿ ಕೇಳಾಕಿ ಬಿಡು" ಎಂದು ನಮ್ಮಮ್ಮ ಬೈಯುತ್ತಿದ್ದಳು. ಕೇಳಿದರೆ ತಪ್ಪೇನು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲೆಕ್ಚರರ್. ಸಿವಿಲ್ ವಿಭಾಗದ ಮಣ್ಣಿನ ಲ್ಯಾಬು ಹೊಸದಾಗಿ ನನ್ನ ಕೈಗೆ ಬಂದಿತ್ತು. ವಿಭಾಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಪಕ್ಕದ ಕಾಂಕ್ರೀಟ್ ಲ್ಯಾಬಿನ ಲೆಕ್ಚರರು, "ಮಣ್ಣು ಹೊರೋ ಕೆಲ್ಸ ಮೇಡಂಗೆ ಯಾಕ್ ಬೇಕಿತ್ತು?" ಎಂದು ಸ್ಟಾಫ್ ರೂಮಿನಲ್ಲಿ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆವತ್ತಿನಿಂದ ಆ ಮನುಷ್ಯ ನನಗೆ ನಮಸ್ಕಾರ ಮಾಡಿದರೂ ಅದರ ಹಿಂದೆ ಏನೋ ಇದೆ ಎಂದೇ ಲೆಕ್ಕ ಹಾಕುತ್ತಿದ್ದೆ.

ನಾನು ಪಿಎಚ್.ಡಿ. ಪ್ರಬಂಧಕ್ಕೆ ಆರಿಸಿಕೊಂಡ ಪ್ರಶ್ನೆ ಸರಳವಾಗಿತ್ತು. ನಮ್ಮ ಸುತ್ತ ಭದ್ರಾ ನಾಲೆಯ ಏರಿಗಳಿವೆ, ಹರಿಹರದಲ್ಲಿ ಹೊಳೆಯ ದಂಡೆ ಇದೆ. ಇಳಿಜಾರಿನಲ್ಲಿ ನೀರು ಕುಡಿದು ನಿಂತಿರುವ ಮರಳು ನೆಲ ಅಲುಗಿದಾಗ ಏನು ಮಾಡುತ್ತದೆ? ದಾವಣಗೆರೆಯಲ್ಲಿ ಭೂಕಂಪವೇ ಎಂದು ನಗುವವರಿದ್ದರು. ಆದರೆ ಲಾತೂರಿನ ಕಡೆಯ ಸುದ್ದಿ ಇನ್ನೂ ಎಲ್ಲರ ನೆನಪಿನಲ್ಲಿದ್ದುದರಿಂದ ಬಹಳ ಜೋರಾಗಿ ಯಾರೂ ನಗುತ್ತಿರಲಿಲ್ಲ.

ಪರೀಕ್ಷೆಗೆ ಬೇಕಾದ ಅಲುಗುವ ಮೇಜನ್ನು ಹರಿಹರದ ಒಬ್ಬ ಮಿಸ್ತ್ರಿ ಮಾಡಿಕೊಟ್ಟಿದ್ದರು. ಅಕ್ಕಿ ಗಿರಣಿಗಳಿಗೆ ಜರಡಿ ಯಂತ್ರ ಮಾಡುತ್ತಿದ್ದವರು. "ಜರಡಿ ತಗದು ಆ ಜಾಗದಾಗ ನಿಮ್ಮ ಪೆಟ್ಟಿಗಿ ಕೂರ್ಸೀನಿ, ಅಷ್ಟೇ ಮೇಡಂ" ಎಂದು ಅವರು ಹೇಳಿದಾಗ ನನಗೆ ಸ್ವಲ್ಪ ಅವಮಾನವೇ ಆಗಿತ್ತು. ಹಳಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟು, ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವ ಮೋಟಾರು, ಮೇಲೆ ಒಂದು ಬದಿಗೆ ಗಾಜು ಹಾಕಿದ ಉದ್ದನೆಯ ಪೆಟ್ಟಿಗೆ. ಹರಿಹರದ ಹೊಳೆಯ ಮರಳನ್ನು ತೊಳೆದು, ಒಣಗಿಸಿ, ತೂಕ ಮಾಡಿ, ಅದರಲ್ಲಿ ಇಳಿಜಾರಾಗಿ ತುಂಬಬೇಕು. ತುಂಬುತ್ತಾ ಗಾಜಿನ ಒತ್ತಿಗೆ ನೀಲಿ ರಂಗೋಲಿ ಪುಡಿಯ ನೇರ ಗೆರೆಗಳನ್ನು ಇಳಿಸಬೇಕು. ಆಮೇಲೆ ತಳದಿಂದ ನಿಧಾನವಾಗಿ ನೀರು ಬಿಟ್ಟು ಮರಳೆಲ್ಲ ನೆನೆದ ಮೇಲೆ ಮೋಟಾರು ಹಾಕಬೇಕು. ಮರಳು ಜಾರಿದರೆ ರಂಗೋಲಿ ಗೆರೆ ಬಾಗುತ್ತದೆ. ಪಕ್ಕದಲ್ಲಿ ಸಿಕ್ಕಿಸಿದ ಗಾಜಿನ ಕೊಳವೆಗಳಲ್ಲಿ ನೀರು ಏರಿದರೆ ಒಳಗಿನ ಒತ್ತಡ ಏರಿದೆ ಎಂದು ಅರ್ಥ.

ಇದರಲ್ಲಿ ಮುಖ್ಯವಾದದ್ದು ಒಂದೇ ಮಾತು: ಮರಳು ಸಡಿಲವಾಗಿರಬೇಕು. ಸಡಿಲವಾಗಿ ಕೂತ ಮರಳಿನ ಕಾಳುಗಳ ನಡುವೆ ಜಾಗ ಹೆಚ್ಚು, ಆ ಜಾಗದ ತುಂಬ ನೀರು. ಅಲುಗಿಸಿದಾಗ ಕಾಳುಗಳು ಒತ್ತಾಗಿ ಕೂರಲು ನೋಡುತ್ತವೆ, ಆದರೆ ನೀರಿಗೆ ಅಷ್ಟು ಬೇಗ ಹೊರಗೆ ಹೋಗಲು ದಾರಿಯಿಲ್ಲ. ಭಾರವೆಲ್ಲ ನೀರಿನ ಮೇಲೆ ಬಿದ್ದು, ಕಾಳಿಗೆ ಕಾಳಿನ ಆಸರೆ ತಪ್ಪುತ್ತದೆ. ಸಮತಟ್ಟು ನೆಲವಾದರೆ ಕುಸಿದು ಸುಮ್ಮನಾದೀತು, ಇಳಿಜಾರಾದರೆ ಹೊರಟೇಬಿಡುತ್ತದೆ. ಒತ್ತಾಗಿ ತುಂಬಿದ ಮರಳು ಮಾತ್ರ ಸ್ವಲ್ಪ ಮಿಸುಕಿ ಅಲ್ಲೇ ನಿಲ್ಲುತ್ತದೆ.

ನನಗೆ ಸಹಾಯಕ್ಕಿದ್ದವರು ಲ್ಯಾಬಿನ ಅಟೆಂಡರ್. ನಲವತ್ತೈದು ದಾಟಿದ ಮನುಷ್ಯ, ಹದಡಿಯಿಂದ ಬೆಳಗಿನ ಬಸ್ಸಿಗೆ ಬಂದು ನಮಗಿಂತ ಮುಂಚೆ ಬೀಗ ತೆಗೆಯುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಹನ್ನೊಂದು ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. "ಪ್ರತಿ ಜೂನ್‌ಗೆ ಒಂದಿನ ಮನ್ಯಾಗ ಕೂರ್ಸಿ ಮಾರನೇ ದಿನ ಮತ್ತೆ ಕರೀತಾರ್ರಿ ಮೇಡಂ. ಆ ಒಂದಿನ ನಾ ಯಾರಿಗೂ ಮುಖ ತೋರ್ಸಲ್ಲ. ಪರ್ಮನೆಂಟ್ ಆದ್ರೆ ಆ ಒಂದು ದಿನ ತಪ್ಪತೈತೆ ನೋಡ್ರಿ" ಎಂದು ಹೇಳಿದ್ದರು. ಆ ವರ್ಷ ಖಾಯಂ ಮಾಡುವವರ ಪಟ್ಟಿ ಹೋಗುವುದಿತ್ತು. ಅದಕ್ಕೆ ಲ್ಯಾಬಿನ ಉಸ್ತುವಾರಿಯವರು, ಅಂದರೆ ನಾನು, ಒಂದು ಹಾಳೆ ತುಂಬಿ ಕೊಡಬೇಕಿತ್ತು. ಹಾಳೆ ನನ್ನ ಡ್ರಾಯರಿನಲ್ಲಿತ್ತು, ಅದು ಅಲ್ಲಿರುವುದು ಅವರಿಗೂ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಅವರು ಒಂದು ಚೀಲ ಒಗ್ಗರಣೆ ಮಂಡಕ್ಕಿ ತರುತ್ತಿದ್ದರು. ಕಾಲೇಜಿಗೆ ಬರುವ ಮುಂಚೆ ಪೇಟೆಯ ಒಂದು ಅಂಗಡಿಯಲ್ಲಿ ಮಂಡಕ್ಕಿ, ಕಾಳುಕಡಿ ಅಳೆದುಕೊಡುವ ಕೆಲಸದಲ್ಲಿದ್ದವರು ಅವರು. ಹಾಲಿನ ಪುಡಿಯ ಹಳೇ ಡಬ್ಬಿಯಲ್ಲಿ ಮಂಡಕ್ಕಿ ತುಂಬಿ, ಅದನ್ನು ಮೇಜಿಗೆ ಟಪ್ ಟಪ್ ಎಂದು ಎರಡು ಸಲ ಕುಟ್ಟಿ, ತಗ್ಗಿದಷ್ಟು ಮತ್ತೆ ತುಂಬಿ ಪೇಪರಿಗೆ ಸುರಿಯುತ್ತಿದ್ದರು. ಮೇಲೆ ಒಂದು ಹಿಡಿ. "ಇದು ಕೊಸರು" ಎನ್ನುತ್ತಿದ್ದರು. ಎಲ್ಲರಿಗೂ ಒಂದು ಹಿಡಿಯಾದರೆ ನನಗೆ ಎರಡು. ಹಾಳೆ ನನ್ನ ಡ್ರಾಯರಿನಲ್ಲಿ ಇದ್ದುದಕ್ಕೇ ಆ ಎರಡನೇ ಹಿಡಿ ಎಂದು ನಾನು ತೀರ್ಮಾನ ಮಾಡಿದ್ದೆ, ಆದರೂ ಬಿಡದೆ ತಿನ್ನುತ್ತಿದ್ದೆ.

ತೊಂದರೆ ಶುರುವಾದದ್ದು ಎರಡನೇ ವಾರದಲ್ಲಿ. ಮಂಗಳವಾರ ಮತ್ತು ಶುಕ್ರವಾರದ ಪರೀಕ್ಷೆಗಳಲ್ಲಿ ಇಳಿಜಾರು ಮೋಟಾರು ಹಾಕಿದ ಸ್ವಲ್ಪ ಹೊತ್ತಿಗೇ ಹರಿದು ಪೆಟ್ಟಿಗೆಯ ಕೆಳತುದಿಗೆ ಹೋಗಿ ಬಿತ್ತು. ಸೋಮವಾರ ಮತ್ತು ಗುರುವಾರ ಅದೇ ಮರಳು, ಅದೇ ಇಳಿಜಾರು, ಅದೇ ಅಲುಗಾಟ. ಆದರೆ ಮರಳು ಕದಲಲಿಲ್ಲ. ರಂಗೋಲಿ ಗೆರೆಗಳು ಪೊಲೀಸರಂತೆ ನೆಟ್ಟಗೆ ನಿಂತಿದ್ದವು. ಮೂರನೇ ವಾರವೂ ಹಾಗೇ ಆಯಿತು. ಮರಳಿಗೆ ವಾರ ಗೊತ್ತಿರುವುದಿಲ್ಲ, ಹಾಗಾಗಿ ಇದು ಮನುಷ್ಯರ ಕೆಲಸ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ಎಂಜಿನಿಯರಿಂಗ್ ಓದಿದ ಜಂಬ ನೋಡಿ, ಕ್ರಮವಾಗಿ ಹೋಗೋಣವೆಂದು ಮರಳಿನಿಂದ ಶುರು ಮಾಡಿದೆ.

ಎರಡು ಸಲ ತಂದ ಮರಳನ್ನೂ ಜರಡಿ ಹಿಡಿದು ನೋಡಿದೆ. ಎರಡೂ ಒಂದೇ. ನಂತರ ಒಂದು ಶನಿವಾರ ಮಧ್ಯಾಹ್ನ ಹರಿಹರದ ಬಸ್ಸು ಹತ್ತಿ ಮಿಸ್ತ್ರಿಯ ಶೆಡ್ಡಿಗೇ ಹೋಗಿ ಜಗಳ ತೆಗೆದೆ. ಮೋಟಾರು ಒಂದು ದಿನ ಜೋರು, ಒಂದು ದಿನ ನಿಧಾನ ಓಡುತ್ತಿದೆ, ನೀವು ಹಳೇ ಮಾಲು ಹಾಕಿ ಕೊಟ್ಟಿದ್ದೀರಿ ಎಂದೆ. ಮಿಸ್ತ್ರಿ ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು.

"ಬೈಯೋದಾತೇನ್ರಿ? ಕೂಡ್ರಿ ಮೊದ್ಲು. ಅಲ್ಲ ಮೇಡಂ, ಸೋಮಾರ ಕೆಲ್ಸ ಬ್ಯಾಡ, ಮಂಗಳಾರ ಮಾಡ್ತೀನಿ ಅನ್ನಾಕ ಮೋಟ್ರೇನು ಮನುಷ್ಯಾನಾ? ನಿಮಿಷಕ್ಕ ಎಷ್ಟು ಸಲ ಅಲುಗ್ತೈತೆ ಎಣಿಸೀರೇನು?"

"ಎಣಿಸಿದ್ದೀನಿ."

"ಸರಿ ಐತೋ ಇಲ್ಲೋ?"

ಸರಿಯಾಗಿಯೇ ಇತ್ತು.

"ಹಂಗಾದ್ರೆ ನನ್ನ ಮಷೀನ್ ಪಕ್ಕಾ ಐತೆ. ತುಂಬೋ ಕೈ ಯಾವ್ದು, ಅದನ್ನ ನೋಡ್ರಿ."

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನ ಟೈಮ್ ಟೇಬಲ್ ತೆಗೆದೆ. ಸೋಮವಾರ, ಗುರುವಾರ ಬೆಳಗ್ಗೆ ಮೊದಲ ಎರಡು ಪೀರಿಯಡ್ ನನಗೆ ಕ್ಲಾಸು. ಆ ಎರಡು ದಿನ ಪೆಟ್ಟಿಗೆ ತುಂಬುತ್ತಿದ್ದವರು ಅಟೆಂಡರ್. ಉಳಿದೆರಡು ದಿನ ನಾನೇ ತುಂಬುತ್ತಿದ್ದೆ, ಅವರು ಮರಳು ಎತ್ತಿ ಕೊಡುತ್ತಿದ್ದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಕಳ್ಳ ಸಿಕ್ಕ ಖುಷಿ ಅದು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮತ್ತೆ ನೋಟ್‌ಬುಕ್ ತಿರುವಿ ಹಾಕಿದಾಗ ಇನ್ನೊಂದು ಸಾಕ್ಷಿ ಸಿಕ್ಕಿತು. ಪ್ರತಿ ಪರೀಕ್ಷೆಗೂ ಒಂದೇ ತೂಕದ ಮರಳನ್ನು ಟ್ರೇಗಳಲ್ಲಿ ಇಟ್ಟಿರುತ್ತಿದ್ದೆ. ನಾನು ತುಂಬಿದ ದಿನ ಕೊನೆಯ ಟ್ರೇಯಲ್ಲಿ ಅರ್ಧದಷ್ಟು ಉಳಿಯುತ್ತಿತ್ತು. ಅವರು ತುಂಬಿದ ದಿನ ಟ್ರೇ ಖಾಲಿ. "ಮರಳು ಕಾಣೆ" ಎಂದು ನನ್ನ ಅಕ್ಷರದಲ್ಲೇ ನಾಲ್ಕು ಕಡೆ ಬರೆದುಕೊಂಡಿದ್ದೆ. ಹೊಳೆಯ ಮರಳನ್ನು ಯಾರು ಕದಿಯುತ್ತಾರೆ? ಕದಿಯುವುದಿಲ್ಲ, ಬದಲಾಯಿಸುತ್ತಾರೆ. ಸ್ವಲ್ಪ ಮರಳು ತೆಗೆದು ಪಕ್ಕದ ಕಾಂಕ್ರೀಟ್ ಲ್ಯಾಬಿನ ಸಿಮೆಂಟು ಬೆರೆಸಿದರೆ ಇಳಿಜಾರು ಬೀಳುವುದಿಲ್ಲ. ನನ್ನ ಪ್ರಬಂಧ ಮಾತ್ರ ಬೀಳುತ್ತದೆ. ಇವರು ಕಾಂಕ್ರೀಟ್ ಲ್ಯಾಬಿನ ಲೆಕ್ಚರರ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಗುರುವಾರ ಪೆಟ್ಟಿಗೆಯಿಂದ ಒಂದು ಚಿಟಿಕೆ ಮರಳು ತೆಗೆದು ಬೆರಳಲ್ಲಿ ಉಜ್ಜಿದೆ, ಯಾರೂ ಇಲ್ಲದಾಗ ನಾಲಿಗೆಗೂ ಹಚ್ಚಿ ನೋಡಿದೆ. ಬರೀ ಮರಳು. ಅಷ್ಟು ಜಾಣತನದಿಂದ ಬೆರೆಸಿದ್ದಾರೆ ಎಂದುಕೊಂಡೆ.

ಬಾಯಿ ಬಿಟ್ಟು ಕೇಳಲಿಲ್ಲ ಅಂತಲ್ಲ. "ಅಣ್ಣ, ನಾನು ಹೇಳಿದಂಗೆ ತುಂಬಿದ್ರಾ?" ಎಂದು ಅದೇ ದಿನ ಕೇಳಿದೆ. "ಹ್ಞೂಂ ಮೇಡಂ, ಒಂದು ಹಿಡಿನೂ ಕಮ್ಮಿ ಮಾಡಿಲ್ರಿ, ಪೂರಾ ತುಂಬೀನಿ" ಎಂದರು. ಕಮ್ಮಿ ಮಾಡಿದ್ದೀರಾ ಎಂದು ನಾನು ಕೇಳಿರಲೇ ಇಲ್ಲ. ಕೇಳದ್ದಕ್ಕೆ ಉತ್ತರ ಕೊಡುವವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ.

ಮರುದಿನ ವಿಭಾಗದ ಮುಖ್ಯಸ್ಥರು ಹಾಳೆ ಎಲ್ಲಿ ಎಂದು ಕೇಳಿದರು. ಶನಿವಾರ ಅದನ್ನು ಡ್ರಾಯರಿನಿಂದ ತೆಗೆದೆ. ಸಮಯಕ್ಕೆ ಬರುತ್ತಾರೆಯೇ? ಹೌದು. ನಡತೆ ಹೇಗಿದೆ? ಸಾಧಾರಣ. ಸೂಚನೆಗಳನ್ನು ಪಾಲಿಸುತ್ತಾರೆಯೇ? ಅಲ್ಲಿ ಪೆನ್ನು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ. "ಇಲ್ಲ" ಎಂದು ಬರೆದು, ಅದರ ಕೆಳಗೆ ಒಂದು ಗೆರೆಯನ್ನೂ ಎಳೆದು, ಕವರಿಗೆ ಹಾಕಿ ಅಂಟಿಸಿ, ನಾನೇ ಕೈಯಾರೆ ಕೊಟ್ಟು ಬಂದೆ. ಅವರ ಕೈಯಲ್ಲಿ ಕಳಿಸಿದರೆ ದಾರಿಯಲ್ಲಿ ಬಿಚ್ಚಿ ನೋಡಿಯಾರು ಎಂಬ ಅನುಮಾನ ಬೇರೆ.

ಸೋಮವಾರ ಕ್ಲಾಸಿನಲ್ಲಿ ಹುಡುಗರಿಗೆ ಒಂದು ಲೆಕ್ಕ ಕೊಟ್ಟು, ಸದ್ದು ಮಾಡಬೇಡಿ ಎಂದು ಹೇಳಿ, ಲ್ಯಾಬಿನ ಹಿಂದಿನ ಕಿಟಕಿಗೆ ಹೋಗಿ ನಿಂತೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಒಳಗೆ ಅವರೊಬ್ಬರೇ. ನಾನು ಕಲಿಸಿದಂತೆಯೇ ಆಲಿಕೆಯನ್ನು ಒಂದೇ ಎತ್ತರದಲ್ಲಿ ಹಿಡಿದು ಮರಳು ಬಿಡುತ್ತಿದ್ದರು. ಸಿಮೆಂಟಿಲ್ಲ, ಬೇರೆ ಚೀಲವಿಲ್ಲ, ಕಾಂಕ್ರೀಟ್ ಲ್ಯಾಬಿನ ಕಡೆಯ ಬಾಗಿಲು ಮುಚ್ಚಿತ್ತು. ಆಲಿಕೆ ಖಾಲಿಯಾಯಿತು. ಅದನ್ನು ಕೆಳಗಿಟ್ಟು, ಅಂಗೈ ಅಗಲಿಸಿ, ಪೆಟ್ಟಿಗೆಯ ಬದಿಗೆ ಟಪ್ ಟಪ್ ಎಂದು ಎರಡು ಪೆಟ್ಟು ಹಾಕಿದರು. ಮರಳು ಒಂದಿಷ್ಟು ತಗ್ಗಿತು. ಇನ್ನೊಂದು ಆಲಿಕೆ, ಮತ್ತೆ ಎರಡು ಪೆಟ್ಟು. ಹೀಗೇ ಪೆಟ್ಟಿಗೆ ಪೂರ್ತಿ ತುಂಬಿತು. ಕೊನೆಗೆ ಟ್ರೇಯಲ್ಲಿ ಉಳಿದದ್ದನ್ನು ಬೊಗಸೆಯಲ್ಲಿ ಎತ್ತಿ ಇಳಿಜಾರಿನ ತಲೆಗೆ ಸುರಿದು ಮಟ್ಟ ಮಾಡಿದರು. ಬಾಯಲ್ಲಿ ತಮ್ಮಷ್ಟಕ್ಕೇ ಏನೋ ಅಂದರು. ಏನೆಂದು ನನಗೆ ಕೇಳಿಸಲಿಲ್ಲ, ಆದರೆ ಮಂಡಕ್ಕಿಯ ಕೊಸರು ನೆನಪಾಗಿ ಗೊತ್ತಾಯಿತು.

ಗೊತ್ತಾದ ಮೇಲೂ ಸಿಟ್ಟು ಇಳಿದಿರಲಿಲ್ಲ. ಬರಿಗಾಲಲ್ಲೇ ಒಳಗೆ ನುಗ್ಗಿದೆ. "ಏನ್ ಮಾಡ್ತಿದೀಯ ನೀನು?" ಎಂದೆ. ಅವರನ್ನು ನಾನು ನೀನು ಎಂದದ್ದು ಅದೇ ಮೊದಲು.

ಅವರು ಬೆಚ್ಚಿ ತಿರುಗಿದರು. "ತುಂಬಾಕತ್ತಿದ್ನಿರಿ ಮೇಡಂ."

"ಸಡಿಲವಾಗಿ ತುಂಬಿ ಅಂತ ಹೇಳಿರಲಿಲ್ವಾ? ಯಾಕೆ ಕುಟ್ಟಿದ್ದು?"

"ಹೇಳಿದ್ರಿ." ಕೈಗೆ ಹತ್ತಿದ ಮರಳನ್ನು ಪೆಟ್ಟಿಗೆಗೇ ಕೊಡವಿದರು. "ಆದ್ರ ಸಡ್ಲ ತುಂಬೋದು ಅಂದ್ರೆ ಮೋಸ ಅಲ್ಲೇನ್ರಿ? ನಮ್ಮ ಅಂಗಡಿ ಸಾವ್ಕಾರ್ರು ಹಂಗ ಹೇಳ್ತಿದ್ರು, ಕುಟ್ಟಬ್ಯಾಡ, ಸಡ್ಲ ತುಂಬಿ ಕೊಡು ಅಂತ. ನಾ ಒಂದಿನಾನೂ ಹಂಗ ಅಳೀಲಿಲ್ಲ. ಅದಕ್ಕ ಆ ಕೆಲ್ಸ ಹೋತು. ಇಲ್ಲಿ ನಿಮ್ಮ ಕೆಲ್ಸ ನೋಡಾಕ ದೊಡ್ಡೋರು ಬರ್ತಾರೆ ಅಂದಿದ್ರಿ. ಮೇಡಂ ಅಳತ್ಯಾಗ ಕಮ್ಮಿ ಮಾಡ್ಯಾರ ಅಂತ ನಿಮ್ಗ ಒಂದು ಮಾತು ಬರಬಾರ್ದು ನೋಡ್ರಿ. ನೀವು ಇದ್ದಾಗ ನೀವೇ ತುಂಬ್ತಿದ್ರಿ, ನಾ ಹೆಂಗ ಹೇಳ್ಲಿ? ನಾ ತುಂಬೋ ದಿನ ಆದ್ರೂ ಸರಿಯಾಗಿ ತುಂಬೋಣ ಅಂತ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಾಣೆಯಾದ ಮರಳು ಎಲ್ಲಿಗೂ ಹೋಗಿರಲಿಲ್ಲ, ಪೆಟ್ಟಿಗೆಯೊಳಗೇ ಇತ್ತು. ಅಷ್ಟೇ ಜಾಗದಲ್ಲಿ ಹೆಚ್ಚು ಮರಳು ಹಿಡಿಸಿದೆ ಎಂದರೆ ಅದು ಒತ್ತಾಗಿ ಕೂತಿದೆ ಎಂದು ಮೊದಲ ವರ್ಷದ ಹುಡುಗರೂ ಹೇಳುತ್ತಾರೆ. ಆ ಅಂಕಿ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಡೆ ಇತ್ತು. ಭಾಗಾಕಾರ ಮಾಡಬೇಕಾದ ಕಡೆ ನಾನು ಕಳ್ಳನನ್ನು ಹುಡುಕಿದ್ದೆ.

ಹಾಳೆ ನೆನಪಾಗಿ ಎದ್ದು ಓಡಿದೆ. ಮುಖ್ಯಸ್ಥರು ಫೈಲಿಗೆ ಸಹಿ ಹಾಕುತ್ತಿದ್ದರು.

"ಲಿಸ್ಟ್ ಶನಿವಾರ ಸಂಜೆನೇ ಹೋಯ್ತಲ್ಲ ಮೇಡಂ" ಎಂದರು.

"ಸರ್, ಅವರ ಬಗ್ಗೆ ನಾನು ಬರೆದದ್ದು ತಪ್ಪು. ವಾಪಸ್ ತರಿಸಿ."

"ಯಾಕೆ, ಅವ್ರು ನೀವು ಹೇಳ್ದಂಗೆ ಮಾಡಿದ್ರಾ?"

"ಇಲ್ಲ, ಆದರೆ..."

"ಮತ್ತೆ ತಪ್ಪು ಹೆಂಗಾಯ್ತು? ನೀವು ಬರೆದಿದ್ದು ಸರಿನೇ ಐತಲ್ಲ."

ಸರಿಯೇ ಇತ್ತು. ಸೂಚನೆ ಪಾಲಿಸಿರಲಿಲ್ಲ. ನಾನು ಇನ್ನೊಂದು ಪತ್ರ ಬರೆದುಕೊಟ್ಟೆ, ಆ ವಾರವೆಲ್ಲ ಆಫೀಸಿನ ಗುಮಾಸ್ತರ ಮೇಜಿನ ಮುಂದೆ ನಿಂತೆ. ಪಟ್ಟಿ ಮೇಲೆ ಹೋಗಿದೆ, ಇನ್ನೊಂದು ಪಟ್ಟಿ ಬಂದಾಗ ನೋಡೋಣ ಎಂದರು. ಅದು ಯಾವಾಗ ಎಂದರೆ ಯಾರಿಗೂ ಗೊತ್ತಿರಲಿಲ್ಲ.

ಆ ಸೋಮವಾರ ಮುಖ್ಯಸ್ಥರ ಕೋಣೆಯಿಂದ ಬಂದ ಮೇಲೆ ಪೆಟ್ಟಿಗೆ ಖಾಲಿ ಮಾಡಿಸಿ, ಒಣಗಿಸಿಟ್ಟಿದ್ದ ಬೇರೆ ಮರಳನ್ನು ತೂಗಿಕೊಟ್ಟು, ಕುಟ್ಟದೆ ತುಂಬಲು ಅವರಿಗೇ ಹೇಳಿದೆ. ಪ್ರತಿ ಆಲಿಕೆ ಖಾಲಿಯಾದಾಗಲೂ ಅವರ ಅಂಗೈ ತಾನಾಗಿ ಮೇಲೆ ಬರುತ್ತಿತ್ತು, ಅದನ್ನು ಹಿಂದಕ್ಕೆ ಎಳೆದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ಟ್ರೇಯಲ್ಲಿ ಅರ್ಧ ಉಳಿಯಿತು. ಮಧ್ಯಾಹ್ನ ನೀರು ಬಿಟ್ಟು ಮೋಟಾರು ಹಾಕಿದೆವು. ಕೊಳವೆಗಳಲ್ಲಿ ನೀರು ಮೇಲೇರಿತು, ನೀಲಿ ಗೆರೆಗಳು ಬಾಗಿದವು, ಇಳಿಜಾರು ತಲೆಯಿಂದ ಬಿರುಕು ಬಿಟ್ಟು ಕೆಳಗೆ ಹರಿಯಿತು. "ಅಯ್ಯಯ್ಯೋ, ಹೋತು" ಎಂದು ಅವರು ಎರಡು ಕೈಯಲ್ಲೂ ಗಾಜನ್ನು ಹಿಡಿದುಕೊಂಡರು.

"ಇದೇ ಬೇಕಾಗಿತ್ತು ಅಣ್ಣ" ಎಂದೆ.

"ಬೀಳೋದು ಬೇಕಾಗಿತ್ತೇನ್ರಿ ನಿಮ್ಗ?" ಎಂದು ನನ್ನ ಮುಖ ನೋಡಿದರು. "ಮೊದ್ಲ ಹೇಳಿದ್ರೆ ಬೀಳೋಹಂಗ ತುಂಬ್ತಿದ್ದೆ."

ನಾನು ಹೇಳಿರಲಿಲ್ಲ. ಸಡಿಲವಾಗಿ ತುಂಬಿ ಎಂದಿದ್ದೆ, ಯಾಕೆಂದು ಹೇಳಿರಲಿಲ್ಲ. ಅಟೆಂಡರಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ. ಅಲ್ಲೇ ನಿಂತು ಹಾಳೆಯ ವಿಷಯ ಹೇಳಿದೆ, ಕೆಳಗೆ ಗೆರೆ ಎಳೆದದ್ದನ್ನೂ ಹೇಳಿದೆ. ಸಿಮೆಂಟಿನ ಅನುಮಾನ ಮಾತ್ರ ಹೇಳಲು ಬಾಯಿ ಬರಲಿಲ್ಲ. ಅವರು ಬಗ್ಗಿ ಪೆಟ್ಟಿಗೆಯ ನೀರು ಬಸಿಯಲು ಬಿಟ್ಟರು.

"ನೀವು ಬರ್ದಿದ್ದು ಖರೇನ ಐತಲ್ರಿ" ಎಂದು ಹೇಳಿ ಟ್ರೇ ತೊಳೆಯಲು ಹೋದರು.

ಪ್ರಬಂಧ ಮುಗಿಯಿತು. ಸಡಿಲ ಮರಳಿನದೊಂದು ಅಧ್ಯಾಯ, ಒತ್ತು ಮರಳಿನದೊಂದು ಅಧ್ಯಾಯ. ಎರಡನೆಯದು ಪೂರ್ತಿ ಅವರ ಅಂಗೈಯಿಂದ ಬಂದದ್ದು. ನೋಡಲು ಬಂದ ದೊಡ್ಡವರು ಆ ಹೋಲಿಕೆಯನ್ನೇ ಬಹಳ ಮೆಚ್ಚಿಕೊಂಡರು. ಇದು ನಮ್ಮ ಅಟೆಂಡರಿಂದ ಆದದ್ದು ಎಂದು ನಾನು ಹೇಳಿದೆ. ವಿನಯಕ್ಕೆ ಹಾಗನ್ನುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು.

ಜೂನ್ ಬಂತು. ಅವರನ್ನು ಒಂದು ದಿನ ಮನೆಯಲ್ಲಿ ಕೂರಿಸಿದರು. ಆ ದಿನ ಬೀಗ ನಾನೇ ತೆಗೆದೆ. ಯಾರಿಗೂ ಮುಖ ತೋರಿಸದೆ ಹದಡಿಯ ಮನೆಯಲ್ಲಿ ಕೂತ ಅವರನ್ನು ನೆನೆದು ಕೆಲಸವೇ ಆಗಲಿಲ್ಲ, ಅಳು ಬಂತು.

ಮಾರನೇ ದಿನ ಅವರು ಎಂದಿನಂತೆ ಬಂದರು. ನಾಲ್ಕು ಗಂಟೆಗೆ ಮಂಡಕ್ಕಿ ಚೀಲ ಬಿಚ್ಚಿದರು. ಎಲ್ಲರಿಗೂ ಡಬ್ಬಿ ತುಂಬಿ, ಟಪ್ ಟಪ್ ಎಂದು ಕುಟ್ಟಿ, ಮತ್ತೆ ತುಂಬಿ, ಮೇಲೊಂದು ಹಿಡಿ ಕೊಸರು ಹಾಕಿದರು. ನನ್ನ ಸರದಿ ಬಂದಾಗ ಡಬ್ಬಿಗೆ ಮೇಲಿನಿಂದ ನಿಧಾನವಾಗಿ ಮಂಡಕ್ಕಿ ಬಿಟ್ಟರು. ಡಬ್ಬಿಯನ್ನು ಅಲುಗಿಸಲಿಲ್ಲ. ಬೆರಳಿನಿಂದ ಬಾಯಿಮಟ್ಟಕ್ಕೆ ಸವರಿ, ನಾನು ಕಲಿಸಿದ ಹಾಗೆಯೇ, ಪೇಪರಿಗೆ ಸುರಿದು ಎರಡೂ ಕೈಯಲ್ಲಿ ಕೊಟ್ಟರು. ಅವರ ಮುಖದಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ, ನನ್ನ ಬುದ್ಧಿ ಎಲ್ಲಿ ಹೋಗುತ್ತದೆ. ಇರಲಿಲ್ಲ. ಕೊಸರು ಹಾಕಿ ಅಣ್ಣ ಎಂದು ಕೇಳುವ ಮುಖ ನನಗಿರಲಿಲ್ಲ.